ಕಣ್ಣು ಕಂಡದ್ದು ಕೈಗೆ ಎಟುಕದಾಗ

ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದ ಮೂವರು ವೈದ್ಯರು 1962ರಲ್ಲಿ ‘ಬ್ರೈನ್’ ಎಂಬ ನರವಿಜ್ಞಾನ ಪತ್ರಿಕೆಯಲ್ಲಿ ಐದು ಮಕ್ಕಳ ವಿಷಯ ಬರೆದರು. ಜಾನ್ ವಾಲ್ಟನ್, ಎಲ್ಲಿಸ್ ಮತ್ತು ಕೋರ್ಟ್ ಪರೀಕ್ಷಿಸಿದ ಆ ಮಕ್ಕಳು ದಡ್ಡರಲ್ಲ, ಅವರ ಕೈಕಾಲಿಗೆ ಲಕ್ವವೂ ಹೊಡೆದಿರಲಿಲ್ಲ. ಆದರೂ ಬಟ್ಟೆ ತೊಡುವುದು, ಬರೆಯುವುದು, ಚಿತ್ರ ಬಿಡಿಸುವುದು ಅವರಿಗೆ ದೊಡ್ಡ ಪಾಡಾಗಿತ್ತು. ವೈದ್ಯರು ಎರಡು ತೊಂದರೆಗಳನ್ನು ಒಟ್ಟಿಗೆ ಹೆಸರಿಸಿದರು. ಒಂದು ಅಪ್ರಾಕ್ಸಿಯಾ: ಕೈಯಲ್ಲಿ ಬಲವಿದ್ದರೂ ಕೆಲಸದ ಕ್ರಮ ಒಲಿಯದಿರುವುದು. ಇನ್ನೊಂದು ಅಗ್ನೋಸಿಯಾ: ಕಣ್ಣಿಗೆ ಕಂಡರೂ ಕಂಡದ್ದೇನೆಂದು ಮಿದುಳು ಗ್ರಹಿಸದಿರುವುದು. ಅದೇ ಡಿಸೆಂಬರ್‌ನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಇಂಥ ಮಕ್ಕಳ ಬಗ್ಗೆಯೇ ಸಂಪಾದಕೀಯ ಬರೆಯಿತು. ಅಲ್ಲಿಯವರೆಗೆ ಸೋಮಾರಿ, ತುಂಟ, ಮಂಕು ಎಂದು ಬೈಸಿಕೊಂಡಿದ್ದ ಮಕ್ಕಳು ಕೊನೆಗೂ ವೈದ್ಯರ ಮೇಜಿಗೆ ಬಂದರು.

ತೊಂದರೆ ಇರುವುದು ಕೈಯಲ್ಲೋ, ನೋಟದಲ್ಲೋ? ಆ ಲೇಖನ ಎರಡನ್ನೂ ಹೇಳಿ ನಿಲ್ಲಿಸಿತ್ತು. ಮುಂದಿನ ಅರ್ಧ ಶತಮಾನದ ಸಂಶೋಧನೆ ಹೆಚ್ಚಾಗಿ ಈ ಪ್ರಶ್ನೆಯ ಸುತ್ತಲೇ ನಡೆಯಿತು.

ಪ್ರಶ್ನೆ ಹುಟ್ಟಿದ್ದು ಮಾತ್ರ ಇನ್ನೂ ಹಿಂದೆ. ಹಂಗೆರಿಯ ವೈದ್ಯ ರುಡಾಲ್ಫ್ ಬಾಲಿಂಟ್ 1909ರಲ್ಲಿ ಒಬ್ಬ ವಯಸ್ಕ ರೋಗಿಯನ್ನು ವರ್ಣಿಸಿದ. ಆತನಿಗೆ ವಸ್ತು ಕಾಣುತ್ತಿತ್ತು, ಆದರೆ ಅದರತ್ತ ಚಾಚಿದ ಬಲಗೈ ಗುರಿ ತಪ್ಪುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ತಲೆಗೆ ಗುಂಡು ತಗುಲಿದ ಸೈನಿಕರಲ್ಲಿ ಲಂಡನ್ನಿನ ಗಾರ್ಡನ್ ಹೋಮ್ಸ್ ಇದನ್ನೇ ಹೋಲುವ ತೊಂದರೆ ಕಂಡ. ಚೆನ್ನಾಗಿ ಕಾಣುವ ಕಣ್ಣು, ಗಟ್ಟಿಯಾದ ಕೈ, ಇವೆರಡರ ನಡುವೆ ಮಿದುಳು ಮಾಡುವ ಕೆಲಸ ಬೇರೆಯೇ ಇದೆ ಎಂಬುದು ಹೀಗೆ ತಿಳಿಯಿತು. ಪೆಟ್ಟೇ ಬೀಳದ ಮಕ್ಕಳಲ್ಲೂ ಅದು ಸರಿಯಾಗಿ ಬೆಳೆಯದಿರಬಹುದೆಂದು ಆಗ ಹೆಚ್ಚು ಜನ ಯೋಚಿಸಲಿಲ್ಲ. ಅಮೆರಿಕದ ಸ್ಯಾಮುಯೆಲ್ ಆರ್ಟನ್ 1937ರ ತನ್ನ ಪುಸ್ತಕದಲ್ಲಿ, ಓದುಬರಹದ ತೊಂದರೆಗಳ ಜೊತೆಗೆ, ಮಕ್ಕಳ ಅಸಹಜ ಎಡವಟ್ಟುತನವನ್ನೂ ಬೆಳವಣಿಗೆಯ ತೊಂದರೆಯಾಗಿ ಎಣಿಸಿದ್ದ.

1960ರ ದಶಕದ ಅಮೆರಿಕದಲ್ಲಿ ಉತ್ತರ ಸಿಕ್ಕೇಬಿಟ್ಟಿತೆಂಬ ಹುರುಪು. ಮೇರಿಯಾನ್ ಫ್ರಾಸ್ಟಿಗ್ ದೃಶ್ಯ ಗ್ರಹಿಕೆ ಅಳೆಯುವ ಪರೀಕ್ಷೆಯನ್ನೂ ಅದಕ್ಕೆ ಹೊಂದುವ ಅಭ್ಯಾಸಗಳನ್ನೂ ರೂಪಿಸಿದರು. ನ್ಯೂವೆಲ್ ಕೆಫಾರ್ಟ್ ಚಲನೆಯೇ ಕಲಿಕೆಯ ಬುನಾದಿ ಎಂದರು. ಗೆರೆಗಳ ನಡುವೆ ಪೆನ್ಸಿಲ್ ಓಡಿಸುವುದು, ಅಡಗಿದ ಆಕೃತಿ ಹುಡುಕುವುದು, ಕಿರಿದಾದ ಹಲಗೆಯ ಮೇಲೆ ಸಮತೋಲ ತಪ್ಪದೆ ನಡೆಯುವುದು ತರಗತಿಗಳಿಗೆ ಬಂದವು. ಗ್ರಹಿಕೆ ಸುಧಾರಿಸಿದರೆ ಉಳಿದದ್ದೆಲ್ಲ ತಾನಾಗಿ ಸುಧಾರಿಸುತ್ತದೆ ಎಂಬುದು ಇವುಗಳ ಹಿಂದಿನ ನಂಬಿಕೆ. ಕವೇಲ್ ಮತ್ತು ಮ್ಯಾಟ್ಸನ್ 1983ರಲ್ಲಿ 180 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ ಈ ತರಬೇತಿಯ ಪರಿಣಾಮ ನಗಣ್ಯವೆಂದು ಕಂಡಿತು. ಎರಡು ದಶಕ ಮಕ್ಕಳಿಂದ ಕಷ್ಟದ ಕಸರತ್ತು ಮಾಡಿಸಿದ ಮೇಲೆ ಬಂದ ಈ ಉತ್ತರ ನೋವಿನದು.

ಇನ್ನೊಂದೆಡೆ ಬ್ರಿಟನ್ನಿನ ಮನೋವಿಜ್ಞಾನಿ ಚಾರ್ಲ್ಸ್ ಹ್ಯೂಮ್ ತಂಡ 1982ರಲ್ಲಿ ತೀರಾ ಸರಳವಾದ ಪ್ರಯೋಗವೊಂದನ್ನು ಮಾಡಿತು: ಗೆರೆಯ ಉದ್ದವನ್ನು ಅಂದಾಜಿಸುವುದು. ಒಮ್ಮೆ ಕಣ್ಣಿನಿಂದ, ಒಮ್ಮೆ ಕೈ ಚಲಿಸಿದ ಅನುಭವದಿಂದ, ಒಮ್ಮೆ ಒಂದರಿಂದ ತಿಳಿದದ್ದನ್ನು ಇನ್ನೊಂದಕ್ಕೆ ಹೊಂದಿಸಿ. ಎಡವಟ್ಟಿನ ಮಕ್ಕಳು ಮೂರರಲ್ಲೂ ಹಿಂದೆ ಬಿದ್ದರು. ಚಲನೆಯ ಕೌಶಲದೊಂದಿಗೆ ತಾಳೆಯಾದದ್ದು ಮಾತ್ರ ಕಣ್ಣಿನ ಅಂದಾಜು. ಲಾರ್ಡ್ ಮತ್ತು ಹ್ಯೂಮ್ 1987ರಲ್ಲಿ ಆಕಾರ, ವಿಸ್ತೀರ್ಣ, ಇಳಿಜಾರುಗಳನ್ನು ಹೋಲಿಸಿ ನೋಡುವ ಕೆಲಸಗಳಲ್ಲೂ ಇದೇ ಕೊರತೆ ಕಂಡರು. ಆ ಮಕ್ಕಳ ದೃಷ್ಟಿ ಸ್ಪಷ್ಟವಾಗಿಯೇ ಇತ್ತು. ಆಸ್ಟ್ರೇಲಿಯಾದ ಜೂಡಿತ್ ಲಾಸ್ಲೊ ಮತ್ತು ಫಿಲಿಪ್ ಬೇರ್‌ಸ್ಟೋ ಇದನ್ನು ಒಪ್ಪಲಿಲ್ಲ. ಕೈಕಾಲು ಎಲ್ಲಿದೆ, ಹೇಗೆ ಚಲಿಸುತ್ತಿದೆ ಎಂಬ ಒಳ ಅರಿವಿನಲ್ಲೇ ಕೊರತೆಯಿದೆ ಎಂದು ವಾದಿಸಿ ಅದಕ್ಕೆಂದೇ ಪರೀಕ್ಷೆ ಮತ್ತು ತರಬೇತಿ ಸಿದ್ಧಪಡಿಸಿದರು. ಆ ತರಬೇತಿಯ ಫಲವನ್ನು ಬೇರೆಯವರು ಪ್ರಶ್ನಿಸಿದರು. ಈ ಮಧ್ಯೆ, 1987ರಲ್ಲಿ, ಅಮೆರಿಕದ ಮನೋವೈದ್ಯರ ಕೈಪಿಡಿಗೆ ಡೆವಲಪ್‌ಮೆಂಟಲ್ ಕೋಆರ್ಡಿನೇಷನ್ ಡಿಸಾರ್ಡರ್ ಎಂಬ ಹೆಸರು ಸೇರಿತು. ಇಂದು ಡಿಸಿಡಿ ಎನ್ನುವುದು ಅದನ್ನೇ.

ಹಾಗಾದರೆ ಕನ್ನಡಕದಿಂದ ಸರಿಹೋಗುವ ದೋಷವೇನಾದರೂ ಇದೆಯೇ? ಮಾರ್ಕ್ ಮಾನ್-ವಿಲಿಯಮ್ಸ್ ಮತ್ತು ಸಂಗಡಿಗರು 1994ರಲ್ಲಿ ಈ ಮಕ್ಕಳ ಕಣ್ಣನ್ನೇ ನೇತ್ರತಜ್ಞರ ಕ್ರಮದಲ್ಲಿ ಪರೀಕ್ಷಿಸಿದರು. ಚಲನೆಯ ತೊಂದರೆಗೆ ಕಾರಣವೆನ್ನುವಂಥದ್ದೇನೂ ಸಿಗಲಿಲ್ಲ. ಗೋಡೆಯ ಚಾರ್ಟಿನ ಕೊನೆಯ ಸಾಲನ್ನೂ ಓದುವ ಮಗು ತನ್ನತ್ತ ಬರುವ ಚೆಂಡನ್ನು ಬಿಡುತ್ತದೆ. ಚಾರ್ಟಿನ ಅಕ್ಷರ ನಿಂತಲ್ಲೇ ನಿಂತಿರುತ್ತದೆ. ಚೆಂಡು ಹಾಗಲ್ಲ, ಅದು ಯಾವಾಗ, ಎಲ್ಲಿಗೆ ಬಂದೀತೆಂದು ಮಿದುಳು ಮುಂಚೆಯೇ ಲೆಕ್ಕ ಹಾಕಬೇಕು, ಅಷ್ಟರಲ್ಲಿ ಕೈ ಹೊರಟಿರಬೇಕು.

ಈ ಲೆಕ್ಕಾಚಾರವನ್ನು ನಿಂತ ದೇಹದಲ್ಲೇ ನೋಡಲು ಒಂದು ವಿಚಿತ್ರ ಕೋಣೆ ನೆರವಾಯಿತು. ಎಡಿನ್‌ಬರೋದಲ್ಲಿ ಡೇವಿಡ್ ಲೀ ಮತ್ತು ಎರಿಕ್ ಆರನ್‌ಸನ್ 1974ರಲ್ಲಿ ನೆಲ ಅಲ್ಲಾಡದೆ ಗೋಡೆ ಮತ್ತು ಛಾವಣಿ ಮಾತ್ರ ಅತ್ತಿತ್ತ ಸರಿಯುವ ಕೋಣೆಯಲ್ಲಿ ಆಗತಾನೇ ನಡೆಯಲು ಕಲಿತ ಕೂಸುಗಳನ್ನು ನಿಲ್ಲಿಸಿದರು. ಗೋಡೆ ಸರಿದರೆ ಸಾಕು, ಕೂಸುಗಳು ತೂರಾಡಿದವು, ಕೆಲವು ಬಿದ್ದೇಬಿಟ್ಟವು. ದೊಡ್ಡವರಾಗುತ್ತ ಪಾದ ಮತ್ತು ಕೀಲುಗಳ ಸುದ್ದಿಯನ್ನು ಹೆಚ್ಚು ನಂಬಲು ಕಲಿಯುತ್ತೇವೆ. ವಾನ್, ಮಾನ್-ವಿಲಿಯಮ್ಸ್, ರಶ್ಟನ್ 1998ರಲ್ಲಿ ಈ ಪ್ರಯೋಗವನ್ನು ಡಿಸಿಡಿ ಇರುವ ಮಕ್ಕಳೊಂದಿಗೆ ಮಾಡಿದಾಗ ಅವರಲ್ಲಿ ಕೆಲವರು ಶಿಶುವಿಹಾರದ ಮಕ್ಕಳಂತೆ ತೂಗಾಡಿದರು, ಉಳಿದವರು ತೂಗಾಡಲಿಲ್ಲ. ‘ಕೆಲವರು’ ಎಂಬುದೇ ಇಲ್ಲಿ ಮುಖ್ಯ. ಎಡವುವ ಎಲ್ಲ ಮಕ್ಕಳೂ ಒಂದೇ ಕಾರಣಕ್ಕೆ ಎಡವುವುದಿಲ್ಲ.

ಅದೇ 1998ರಲ್ಲಿ ಆಸ್ಟ್ರೇಲಿಯಾದ ಪೀಟರ್ ವಿಲ್ಸನ್ ಮತ್ತು ಬೆರಿಲ್ ಮೆಕೆಂಜಿ 50 ಅಧ್ಯಯನಗಳನ್ನು ಕ್ರೋಡೀಕರಿಸಿದರು. ಎಲ್ಲಕ್ಕಿಂತ ದೊಡ್ಡ ಕೊರತೆ ಕಂಡದ್ದು ದೃಶ್ಯ ಮತ್ತು ಸ್ಥಳದ ಸಂಸ್ಕರಣೆಯಲ್ಲಿ, ಅದೂ ಕೈ ಬಳಸಬೇಕಿಲ್ಲದ ಪರೀಕ್ಷೆಗಳಲ್ಲಿಯೂ. ಹ್ಯೂಮ್ ಹಿಡಿದ ಜಾಡು ಸುಳ್ಳಾಗಿರಲಿಲ್ಲ. ಆದರೆ ಜೊತೆಗಿರುವುದೆಲ್ಲ ಕಾರಣವಲ್ಲ, ಅದು ಪರಿಣಾಮವೂ ಆಗಿರಬಹುದು. ರಿಚರ್ಡ್ ಹೆಲ್ಡ್ ಮತ್ತು ಆಲನ್ ಹೈನ್ 1963ರಲ್ಲಿ ಕತ್ತಲಲ್ಲಿ ಬೆಳೆಸಿದ ಬೆಕ್ಕಿನ ಮರಿಗಳನ್ನು ದಿನಕ್ಕೆ 3 ಗಂಟೆ ಬೆಳಕಿಗೆ ತಂದರು. ಒಂದು ಮರಿ ತಾನೇ ನಡೆಯಿತು, ಅದರ ಜೋಡಿಯನ್ನು ತೊಟ್ಟಿಲಲ್ಲಿ ಕೂರಿಸಿ ಅದೇ ಹಾದಿಯಲ್ಲಿ ಒಯ್ಯಲಾಯಿತು. ನಡೆದ ಮರಿ ಕಂಡ ಅಂಚಿಗೆ ಸರಿಯಾಗಿ ಪಂಜ ಚಾಚಿತು, ಕೂತ ಮರಿಗೆ ಅದು ಬರಲಿಲ್ಲ. ನೋಟ ಚಲನೆಯನ್ನು ನಡೆಸುವಂತೆ ಚಲನೆಯೂ ನೋಟಕ್ಕೆ ಪಾಠ ಹೇಳುತ್ತದೆ. ಬಿದ್ದೇನೆಂಬ ಅಂಜಿಕೆಯಿಂದ ಆಟದಿಂದ ದೂರ ಉಳಿದ ಮಗು ಆ ಪಾಠವನ್ನೂ ಕಳೆದುಕೊಳ್ಳುತ್ತದೆ.

ಹೀಗಾಗಿ ಇತ್ತೀಚಿನ ಚಿಕಿತ್ಸೆ ಗ್ರಹಿಕೆಯನ್ನು ಪ್ರತ್ಯೇಕವಾಗಿ ತಿದ್ದುವುದರ ಬದಲು ಬೇಕಾದ ಕೆಲಸವನ್ನೇ ಕಲಿಸುತ್ತದೆ. 2012ರ ಯುರೋಪಿನ ಮಾರ್ಗಸೂಚಿ, 2019ರ ಅಂತರರಾಷ್ಟ್ರೀಯ ಶಿಫಾರಸುಗಳು ಹೇಳುವುದೂ ಇದನ್ನೇ. ನೋಟವನ್ನು ಇದರಿಂದ ಕೈಬಿಟ್ಟಿಲ್ಲ. 2015ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗವೊಂದರಲ್ಲಿ, ಚೆಂಡೆಸೆಯುವ ಮೊದಲು ಗೋಡೆಯ ಗುರಿಯನ್ನು ಸ್ಥಿರವಾಗಿ ನೋಡಲು, ಮರಳಿ ಬರುವಾಗ ಕಣ್ಣಿಂದ ಬೆನ್ನಟ್ಟಲು ಡಿಸಿಡಿ ಮಕ್ಕಳಿಗೆ ಕಲಿಸಿದರು. ಅವರು ಚೆಂಡು ಹಿಡಿಯುವ ರೀತಿ ಸುಧಾರಿಸಿತು.

ಶಾಲೆಯ ವಯಸ್ಸಿನ ಮಕ್ಕಳಲ್ಲಿ ನೂರಕ್ಕೆ ಐದಾರು ಮಂದಿಗೆ ಡಿಸಿಡಿ ಇದೆಯೆಂಬುದು ಒಪ್ಪಿತ ಅಂದಾಜು. ಅಂದರೆ 40 ಮಕ್ಕಳ ತರಗತಿಯಲ್ಲಿ ಇಬ್ಬರು. ಒತ್ತಕ್ಷರ ಕೆಳಗೆ, ಗುಡಿಸು ಮೇಲೆ, ಕೊಂಬು ಬಲಕ್ಕೆ ಎಂದು ಪ್ರತಿ ಅಕ್ಷರಕ್ಕೂ ಜಾಗ ಅಳೆಯಬೇಕಾದ ಕನ್ನಡದ ಕಾಪಿ ಪುಸ್ತಕದಲ್ಲಿ ಅಂಥ ಮಗು ಪಡುವ ಶ್ರಮ ಶಿಕ್ಷಕರಿಗೆ ಕಾಣುವುದು ಕಾಗೆಕಾಲು ಗುಬ್ಬಿಕಾಲಾಗಿ ಮಾತ್ರ. ಭಾರತದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ ಡಿಸ್‌ಪ್ರಾಕ್ಸಿಯಾ (ಡಿಸಿಡಿಗೆ ಬಳಕೆಯಲ್ಲಿರುವ ಇನ್ನೊಂದು ಹೆಸರು) ಮತ್ತು ಗ್ರಹಿಕೆಯ ತೊಂದರೆಗಳನ್ನು ಹೆಸರಿಸಿದೆ. ಆದರೆ ಅವನ್ನು ಕಲಿಕಾ ನ್ಯೂನತೆಯ ಕೆಳಗಿಟ್ಟು, ಆ ನ್ಯೂನತೆಯನ್ನು ಭಾಷೆಯ ಸಂಸ್ಕರಣೆಯ ಕೊರತೆಯೆಂದು ವ್ಯಾಖ್ಯಾನಿಸಿದೆ. ಓದಿನಲ್ಲಿ ಚುರುಕಾಗಿದ್ದು, ಗುಂಡಿ ಹಾಕಿಕೊಳ್ಳಲು, ಸೈಕಲ್ ಹೊಡೆಯಲು, ಚೆಂಡು ಹಿಡಿಯಲು ಪರದಾಡುವ ಮಗು ಎಲ್ಲಿ ಸೇರಬೇಕೆಂಬುದು ಆ ವ್ಯಾಖ್ಯೆಯಿಂದ ತಿಳಿಯುವುದಿಲ್ಲ.