ಖಿನ್ನತೆ, ಬೈಪೋಲಾರ್ ಕಾಯಿಲೆ ಮತ್ತು ಮಿದುಳಿನ ಚಟುವಟಿಕೆ: ಕರ್ನಾಟಕದಲ್ಲಿ ಅಧ್ಯಯನದ ಇತಿಹಾಸ

ಖಿನ್ನತೆಯಲ್ಲಿ ಮನಸ್ಸು ವಾರಗಟ್ಟಲೆ ಕುಗ್ಗಿರುತ್ತದೆ. ನಿದ್ದೆ, ಹಸಿವು, ಆಸಕ್ತಿ, ಕೆಲಸದ ಉತ್ಸಾಹ ಎಲ್ಲವೂ ಸಾಮಾನ್ಯವಾಗಿ ತಗ್ಗುತ್ತವೆ. ಬೈಪೋಲಾರ್ ಕಾಯಿಲೆಯಲ್ಲಿ ಇಂತಹ ಕುಗ್ಗಿದ ಕಾಲವೂ ಬರುತ್ತದೆ, ಅದರ ಜೊತೆಗೆ ಉನ್ಮಾದದ ಕಾಲವೂ ಬರುತ್ತದೆ. ಆಗ ನಿದ್ದೆಯೇ ಬೇಡವೆನಿಸಿ, ಮಾತು ನಿಲ್ಲದೆ, ಹಣ ನೀರಿನಂತೆ ಖರ್ಚಾಗುತ್ತದೆ. ಈ ಲಕ್ಷಣಗಳಿಗೂ ಮಿದುಳಿನ ಚಟುವಟಿಕೆಗೂ ಇರುವ ನಂಟನ್ನು ಹುಡುಕಿದ ಚರಿತ್ರೆಯಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ಗೂ ಕರಾವಳಿಯ ಹಳ್ಳಿಗಳಿಗೂ ಗಣ್ಯ ಸ್ಥಾನವಿದೆ.

ಮೂಡುಬಿದಿರೆ ಬಳಿಯ ಶಿರ್ತಾಡಿ, ಬೆಳ್ತಂಗಡಿ, ಬಂಟ್ವಾಳದ ಕಡೆ ಖಿನ್ನತೆ ಬಂದವರು ‘ಮನಸ್ಸಿಗೆ ಬೇಸರ’ ಎಂದು ಮೊದಲು ಹೇಳುವುದು ಕಡಿಮೆ. ಮಂಡೆಬೆಚ್ಚ (ತಲೆ ಬಿಸಿ), ಎದೆ ಉರಿ, ಕೈಕಾಲು ಸೆಳೆತ, ನಿದ್ದೆ ಇಲ್ಲ ಎನ್ನುತ್ತಾರೆ. ದೂರು ದೇಹದ್ದು, ಕಾಯಿಲೆ ಮಿದುಳಿನದ್ದು. ಈ ಸೀಮೆಯ ಮನಸ್ಸನ್ನು ಶಾಸ್ತ್ರೀಯವಾಗಿ ನೋಡಿದ ಮೊದಲಿಗರಲ್ಲಿ ಮನೋವೈದ್ಯರಾದ ಮೋರಿಸ್ ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಮುಖ್ಯರು. ಉಡುಪಿಯ ಉತ್ತರಕ್ಕಿರುವ ಕೋಟದಲ್ಲಿ ಬ್ರಾಹ್ಮಣ, ಬಂಟ, ಮೊಗವೀರ ಕುಟುಂಬಗಳ ನಡುವೆ ಅವರು ನಡೆಸಿದ ಅಧ್ಯಯನ 1976ರಲ್ಲಿ ‘ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ’ ಎಂಬ ಪುಸ್ತಕವಾಗಿ ಬಂತು. ಆಗ ಕೋಟವೂ ಶಿರ್ತಾಡಿಯೂ ಒಂದೇ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಜನರು ವೈದ್ಯರ ಬಳಿಗೂ ಮಂತ್ರವಾದಿ, ದೈವ ಮೈಮೇಲೆ ಬರುವ ಪಾತ್ರಿಗಳ ಬಳಿಗೂ ಹೋಗುತ್ತಿದ್ದುದನ್ನು ಅವರು ತಿರಸ್ಕಾರವಿಲ್ಲದೆ ದಾಖಲಿಸಿದರು. ಮಿದುಳನ್ನು ಅಳೆಯುವ ಯಾವ ಯಂತ್ರವನ್ನೂ ಬಳಸದ ಈ ಕೆಲಸವನ್ನು ಇಲ್ಲಿ ಹೆಸರಿಸಲು ಕಾರಣವಿದೆ. ಲಕ್ಷಣಗಳನ್ನು ರೋಗಿಯ ಮಾತಿನಲ್ಲೇ ಕೇಳಿ ಗುರುತಿಸದಿದ್ದರೆ, ಯಂತ್ರ ತೋರಿಸುವ ಚಟುವಟಿಕೆಯನ್ನು ಯಾವುದಕ್ಕೆ ಹೋಲಿಸುವುದು?

ಯಂತ್ರಗಳ ಕಡೆಗೆ ಬಂದರೆ, ಮಿದುಳಿನ ವಿದ್ಯುತ್ ಅಲೆಗಳನ್ನು ಮನುಷ್ಯರಲ್ಲಿ ಮೊದಲು ದಾಖಲಿಸಿದವರು ಜರ್ಮನಿಯ ಹಾನ್ಸ್ ಬರ್ಗರ್, 1924ರಲ್ಲಿ. 1938ರಲ್ಲಿ ರೋಮ್‌ನ ಚೆರ್ಲೆಟಿ ಮತ್ತು ಬಿನಿ ವಿದ್ಯುತ್ ಕಂಪನ ಚಿಕಿತ್ಸೆ ಆರಂಭಿಸಿದರು; ಜನ ಇದನ್ನು ಇಂದಿಗೂ ಶಾಕ್ ಟ್ರೀಟ್‌ಮೆಂಟ್ ಎನ್ನುತ್ತಾರೆ. ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಎಂ.ವಿ. ಗೋವಿಂದಸ್ವಾಮಿ ಮತ್ತು ಬಿ.ಎನ್. ಬಾಲಕೃಷ್ಣರಾವ್ ಮಿದುಳಿನ ಮುಂಭಾಗದ ನರತಂತುಗಳನ್ನು ಕತ್ತರಿಸುವ ಶಸ್ತ್ರಕ್ರಿಯೆಯ ವರದಿಯನ್ನು 1944ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟಿಸಿದರು. ಔಷಧಗಳು ಬಂದ ಮೇಲೆ ಆ ಶಸ್ತ್ರಕ್ರಿಯೆ ಜಗತ್ತಿನೆಲ್ಲೆಡೆ ಬಹುಮಟ್ಟಿಗೆ ಕೈಬಿಟ್ಟುಹೋಯಿತು. ಹೋದದ್ದು ಒಳ್ಳೆಯದೇ ಆಯಿತು. ಆಸ್ಪತ್ರೆಯ ಜೊತೆಗೆ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು.

ಔಷಧಗಳ ಕತೆಯಲ್ಲಿ ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಸರ್ಪಗಂಧಕ್ಕೆ ಒಂದು ಪಾತ್ರವಿದೆ. ಅದರ ಬೇರಿನಿಂದ 1952ರಲ್ಲಿ ಬೇರ್ಪಡಿಸಿದ ರಿಸರ್ಪಿನ್ ಮಿದುಳಿನ ಸೆರೊಟೋನಿನ್, ನಾರ್‌ಅಡ್ರಿನಲಿನ್ ಸಂಗ್ರಹವನ್ನು ಬರಿದು ಮಾಡುತ್ತದೆ. ರಕ್ತದೊತ್ತಡಕ್ಕೆಂದು ಅದನ್ನು ಸೇವಿಸಿದ ಕೆಲವರು ಖಿನ್ನರಾದದ್ದು, ಈ ರಾಸಾಯನಿಕಗಳ ಕೊರತೆಯೇ ಖಿನ್ನತೆಗೆ ಕಾರಣವೆಂಬ ಊಹೆಗೆ ಬಲ ಕೊಟ್ಟಿತು. ಊಹೆ ಇಂದು ಅಷ್ಟು ಸರಳವಾಗಿ ಉಳಿದಿಲ್ಲ. ಬೈಪೋಲಾರ್‌ಗೆ ಆಸ್ಟ್ರೇಲಿಯಾದ ಜಾನ್ ಕೇಡ್ 1949ರಲ್ಲಿ ತೋರಿಸಿಕೊಟ್ಟ ಲಿಥಿಯಂ ಮಾತ್ರ ಇಂದಿಗೂ ಮುಖ್ಯ ಮದ್ದು.

ಕರ್ನಾಟಕದ ಸ್ವಂತ ಕೊಡುಗೆ ಹೆಚ್ಚು ಮೂಡಿಬಂದದ್ದು ನಿಮ್ಹಾನ್ಸ್‌ನ ಬಿ.ಎನ್. ಗಂಗಾಧರ್ ಮತ್ತು ಸಂಗಡಿಗರ ಕೆಲಸದಿಂದ. ಕಪೂರ್ ಜೊತೆ 1982ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಗುಂಪಿಗೆ ನಿಜವಾದ ಕಂಪನ ಚಿಕಿತ್ಸೆಯ ಜೊತೆ ಹುಸಿ ಮಾತ್ರೆ, ಇನ್ನೊಂದಕ್ಕೆ ಹುಸಿ ಕಂಪನದ ಜೊತೆ ಖಿನ್ನತೆಯ ಔಷಧವಾದ ಇಮಿಪ್ರಮಿನ್ ಮಾತ್ರೆ ಕೊಟ್ಟು ಹೋಲಿಸಿದರು. ಬಳಿಕ ಅವರ ಗಮನ ಇಇಜಿಯ, ಅಂದರೆ ಮಿದುಳಿನ ವಿದ್ಯುತ್ ಅಲೆಗಳ ದಾಖಲೆಯ, ಗೆರೆಗಳತ್ತ ಹರಿಯಿತು. ಅರಿವಳಿಕೆ ಕೊಟ್ಟು ಕಂಪನ ನೀಡಿದಾಗ ಇಇಜಿಯಲ್ಲಿ ದೊಡ್ಡ ಅಲೆಗಳು ಏಳುತ್ತವೆ. ಸ್ವಲ್ಪ ಹೊತ್ತಿನಲ್ಲಿ ಗೆರೆ ತಟ್ಟನೆ ತಗ್ಗುತ್ತದೆ. ಆ ತಗ್ಗಿದ ಗೆರೆಯ ಸಂಕೀರ್ಣತೆಯನ್ನು ಗಣಿತದಿಂದ ಅಳೆದು, ಮೊದಲ ಚಿಕಿತ್ಸೆಯಲ್ಲೇ ಸಂಕೀರ್ಣತೆ ಹೆಚ್ಚು ಇಳಿದವರಲ್ಲಿ ಎರಡು ವಾರಕ್ಕೆ ಖಿನ್ನತೆ ಚೆನ್ನಾಗಿ ಇಳಿಯುತ್ತದೆ ಎಂದು 1999ರಲ್ಲಿ ವರದಿ ಮಾಡಿದರು. ಮಿದುಳಿನ ಚಟುವಟಿಕೆಯ ಒಂದು ಅಳತೆಗೂ ಲಕ್ಷಣಗಳ ಇಳಿಕೆಗೂ ನೇರ ನಂಟು ತೋರಿಸಿದ ಈ ಕೆಲಸ ಕನ್ನಡ ಓದುಗರಿಗೆ ಇನ್ನೂ ಚೆನ್ನಾಗಿ ಪರಿಚಯವಾಗಬೇಕು.

2000ದಲ್ಲಿ ಇದೇ ಬಳಗ ತೀವ್ರ ಖಿನ್ನತೆಯ 45 ಮಂದಿಯಲ್ಲಿ ಕಂಪನ ಚಿಕಿತ್ಸೆ, ಇಮಿಪ್ರಮಿನ್ ಮತ್ತು ಉಸಿರಾಟದ ಅಭ್ಯಾಸವಾದ ಸುದರ್ಶನ ಕ್ರಿಯೆಯನ್ನು ಹೋಲಿಸಿತು. ನಾಲ್ಕು ವಾರಕ್ಕೆ ಲಕ್ಷಣಮುಕ್ತರಾದವರು ಕ್ರಮವಾಗಿ ಶೇ. 93, 73 ಮತ್ತು 67. ಓಂಕಾರ ಪಠಣದ ಹೊತ್ತಿಗೆ ಭಯ, ಭಾವನೆಗಳಿಗೆ ಸಂಬಂಧಿಸಿದ ಅಮಿಗ್ಡಲ ಮೊದಲಾದ ಭಾಗಗಳ ಚಟುವಟಿಕೆ ತಗ್ಗುವುದನ್ನು 2011ರಲ್ಲಿ ನಿಮ್ಹಾನ್ಸ್‌ನ ಎಫ್‌ಎಂಆರ್‌ಐ (ಮಿದುಳಿನ ಚಟುವಟಿಕೆ ತೋರಿಸುವ ಸ್ಕ್ಯಾನ್) ಅಧ್ಯಯನ ತೋರಿಸಿತು. ಅದು ಆರೋಗ್ಯವಂತರ ಮೇಲೆ ನಡೆದ ಚಿಕ್ಕ ಪ್ರಯೋಗ. ಓಂಕಾರದಿಂದ ಖಿನ್ನತೆ ವಾಸಿಯಾಗುತ್ತದೆ ಎಂಬುದಕ್ಕೆ ಅದನ್ನು ಪುರಾವೆಯಾಗಿ ಬಳಸುವುದು ತಪ್ಪು.

ಜಗತ್ತಿನ ಸ್ಕ್ಯಾನ್ ಅಧ್ಯಯನಗಳಲ್ಲಿ ಎದ್ದು ಕಾಣುವುದು ಇಷ್ಟು: ಖಿನ್ನರಲ್ಲಿ ಮಿದುಳಿನ ನಡುಭಾಗದಲ್ಲಿರುವ ಸಿಂಗ್ಯುಲೇಟ್‌ನ ಕೆಳಭಾಗ ಅತಿಯಾಗಿ ಚುರುಕಾಗಿರಬಹುದು; ನರವೈದ್ಯೆ ಹೆಲೆನ್ ಮೇಬರ್ಗ್ ಬಳಗ 2005ರಲ್ಲಿ ಅಲ್ಲಿಗೇ ವಿದ್ಯುತ್ ಪ್ರಚೋದನೆ ನೀಡಿ ನೋಡಿತು. ಬೈಪೋಲಾರ್‌ನಲ್ಲಿ ಭಾವನೆಗಳ ಜಾಲ ಚುರುಕಾಗಿ, ಅದಕ್ಕೆ ಕಡಿವಾಣ ಹಾಕುವ ಮುಂಭಾಗದ ಹಿಡಿತ ಸಡಿಲಾಗಿರುತ್ತದೆ. ಇವೆಲ್ಲ ಗುಂಪುಗಳ ಸರಾಸರಿ. ಒಬ್ಬರ ಸ್ಕ್ಯಾನ್ ನೋಡಿ ಖಿನ್ನತೆಯೋ ಬೈಪೋಲಾರೋ ಎಂದು ಹೇಳಲಾಗದು. ಒಂದೇ ಕುಟುಂಬದ ಹಲವರಲ್ಲಿ ಇಂತಹ ಕಾಯಿಲೆ ಇರುವಾಗ ಮಿದುಳನ್ನೂ ವಂಶವಾಹಿಯನ್ನೂ ಒಟ್ಟಿಗೆ ನೋಡುವ ದೀರ್ಘ ಯೋಜನೆಯನ್ನು ನಿಮ್ಹಾನ್ಸ್ ಮತ್ತು ಬೆಂಗಳೂರಿನ ಸಂಶೋಧನಾ ಸಂಸ್ಥೆಗಳಾದ ಎನ್‌ಸಿಬಿಎಸ್, ಇನ್‌ಸ್ಟೆಮ್ 2016ರಲ್ಲಿ ಆರಂಭಿಸಿದವು.

ರೋಗನಿರ್ಣಯ ಇಂದಿಗೂ ರೋಗಿಯ ಮಾತು, ಮನೆಯವರ ಮಾತು ಮತ್ತು ವೈದ್ಯರ ಅನುಭವದ ಮೇಲೆಯೇ ನಿಂತಿದೆ. ಆದ್ದರಿಂದ ಶಿರ್ತಾಡಿಯವರಾಗಲಿ ಬೆಂಗಳೂರಿನವರಾಗಲಿ, ಸ್ಕ್ಯಾನ್‌ಗೆ ಕಾಯದೆ ಮೊದಲು ಮಾತಾಡಬೇಕು; ಹಿಂದೆಂದಾದರೂ ಉನ್ಮಾದ ಬಂದಿದ್ದರೆ ಅದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು, ಏಕೆಂದರೆ ಅಂತಹವರಿಗೆ ಖಿನ್ನತೆಯ ಮಾತ್ರೆಯೊಂದನ್ನೇ ಕೊಟ್ಟರೆ ಉನ್ಮಾದ ಕೆರಳಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.