ದಾವೆ ಖರ್ಚಿನ ಭದ್ರತೆ
ಸೋತರೆ ಎದುರಾಳಿಗೆ ತೆರಬೇಕಾದ ಖರ್ಚಿಗೆಂದು ವಾದಿಯಿಂದ ನ್ಯಾಯಾಲಯ ಮೊದಲೇ ಪಡೆಯುವ ಜಾಮೀನು. ಆಧಾರ, 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 25ನೇ ಆದೇಶ. ಸಾಮಾನ್ಯವಾಗಿ ಇದು ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು. ಆದರೆ ವಾದಿ ಭಾರತದ ಹೊರಗಿದ್ದು, ದಾವೆಯ ಸ್ವತ್ತನ್ನು ಬಿಟ್ಟು ಇಲ್ಲಿ ಸಾಕಷ್ಟು ಸ್ಥಿರಾಸ್ತಿ ಇಲ್ಲದಿದ್ದರೆ ಭದ್ರತೆ ಕಡ್ಡಾಯ. ಉದಾಹರಣೆಗೆ, ಕೊಯಮತ್ತೂರಿನ ಪೀಳಮೇಡು ಗಿರಣಿ, ಪಂಪ್‌ಸೆಟ್‌ಗಳ ಊರು. ಅಲ್ಲಿನ ತಯಾರಕರ ಮೇಲೆ ವಿದೇಶಿ ಖರೀದಿದಾರ ಕಂಪನಿ ದಾವೆ ಹೂಡಿದರೆ ಈ ನಿಯಮವೇ ಪ್ರತಿವಾದಿಯ ಆಸರೆ. ಗೆದ್ದ ಮೇಲೆ ಖರ್ಚು ವಸೂಲಿಗೆ ಕಡಲು ದಾಟುವವರು ಯಾರು? ದಿವಾಳಿಯಂಚಿನ ದೇಶೀಯ ಕಂಪನಿ ವಾದಿಯಾದಾಗ ಭದ್ರತೆ ಕೇಳಲು 1956ರ ಕಂಪನಿ ಕಾಯ್ದೆಯಲ್ಲಿ 632ನೇ ಕಲಂ ಇತ್ತು. 2013ರ ಕಾಯ್ದೆ ಅದನ್ನು ಉಳಿಸಿಕೊಳ್ಳಲಿಲ್ಲ, ಇದೊಂದು ಕೊರತೆಯೇ. ಮೇಲ್ಮನವಿದಾರರಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 41ನೇ ಆದೇಶದ 10ನೇ ನಿಯಮ ಅನ್ವಯ. ವಾದಿ ಗಡುವಿನೊಳಗೆ ಭದ್ರತೆ ಒದಗಿಸದಿದ್ದರೆ ದಾವೆ ವಜಾ. ತಕ್ಕ ಕಾರಣ ತೋರಿಸಿದರೆ ವಜಾ ಆದೇಶ ರದ್ದಾಗಬಹುದು.