ಅರಮನೆಗೆ ಹೋಗುವ ಬೀದಿ

ವಿಜಯವಾಡದ ಒನ್ ಟೌನಿನ ಕಾಳೇಶ್ವರರಾವ್ ಮಾರ್ಕೆಟ್ಟಿನಲ್ಲಿ ಅರೆಗಳಿಗೆ ಸುಮ್ಮನೆ ನಿಂತರೆ ಸಾಕು, ಬೆನ್ನ ಹಿಂದಿನಿಂದ ‘ಜರಗಂಡಿ’ ಎಂಬ ಕೂಗು ಬರುತ್ತದೆ. ಹಾಗೆ ಚೀಲ ಹಿಡಿದು ಪಕ್ಕಕ್ಕೆ ಸರಿದಿದ್ದಾಗಲೇ ವಿಶಾಖಪಟ್ಟಣದಲ್ಲಿ ಓದುತ್ತಿರುವ ಗೆಳೆಯ ಫೋನಿಗೆ ಒಂದು ಹಳೆಯ ಚಿತ್ರ ಕಳಿಸಿದ: ‘ನಮ್ಮ ಬೆಂಗಳೂರು ಪೇಟೆ ಕಣೋ, ನೋಡು.’

ಜೇಮ್ಸ್ ಹಂಟರನ ಚಿತ್ರ. ಹೆಸರು ‘ಬೆಂಗಳೂರಿನ ಅರಮನೆಗೆ ಹೋಗುವ ಬೀದಿ’. ಹೆಸರಲ್ಲೇ ಎಡವಟ್ಟಿದೆ. ಟಿಪ್ಪುವಿನ ಅರಮನೆ ಇದ್ದದ್ದು ಕೋಟೆಯೊಳಗೆ. ಜನ ಗಿಜಿಗುಟ್ಟುತ್ತಿದ್ದದ್ದು ಕೋಟೆಯ ಉತ್ತರಕ್ಕಿದ್ದ ಪೇಟೆಯಲ್ಲಿ, ದೊಡ್ಡಪೇಟೆ ಮತ್ತು ಚಿಕ್ಕಪೇಟೆಯ ಬೀದಿಗಳು ಒಂದನ್ನೊಂದು ಹಾಯುವ ಕಡೆ. ಕಾರ್ನ್‌ವಾಲಿಸನ ದಂಡಿನ ಜೊತೆ ಬಂದ ಫಿರಂಗಿದಳದ ಲೆಫ್ಟಿನೆಂಟನಿಗೆ ಬೀದಿಯೆಂದರೆ ಅರಮನೆ ಮುಟ್ಟುವ ದಾರಿ. ಅವನನ್ನೇನೂ ದೂರುವುದಿಲ್ಲ, ಅವನ ಕೆಲಸವೇ ಅದು.

ಹಂಟರ್ 1792ರಲ್ಲೇ ತೀರಿಕೊಂಡ. ಚಿತ್ರಗಳನ್ನು ಲಂಡನ್ನಿನಲ್ಲಿ ಎಡ್ವರ್ಡ್ ಓರ್ಮ್ ಪ್ರಕಟಿಸಿದ್ದು 1804-05ರಲ್ಲಿ. ಇವು ಅಕ್ವಾಟಿಂಟ್, ಎಚಿಂಗಿನದೇ ಒಂದು ಬಗೆ. ತಾಮ್ರದ ತಗಡಿನ ಮೇಲೆ ರಾಳದ ಪುಡಿ ಉದುರಿಸಿ, ಬಿಸಿ ಮಾಡಿ ಅಂಟಿಸಿ, ಆಮ್ಲಕ್ಕೆ ಒಡ್ಡುತ್ತಾರೆ. ಆಮ್ಲ ಹೆಚ್ಚು ಹೊತ್ತು ತಿಂದಷ್ಟೂ ನೆರಳು ಗಾಢ. ಅಚ್ಚಿನಲ್ಲಿ ಎಡ ಬಲವಾಗುವುದರಿಂದ ತಗಡಿನ ಮೇಲೆ ಬೀದಿಯನ್ನು ತಿರುಗುಮುರುಗಾಗಿ ಬಿಡಿಸಬೇಕು. ಹಾಗೆ ಬಿಡಿಸುವಾಗ ಹೌದು, ಅಲ್ಲ ಎನ್ನಲು ಆ ಬೀದಿಯನ್ನು ಬರೆದುಕೊಂಡವನೇ ಬದುಕಿರಲಿಲ್ಲ.

ಪೇಟೆ ಚಿತ್ರಕ್ಕೆ ಬಂದೇ ಇಲ್ಲವೆಂದಲ್ಲ. 1791ರ ಮಾರ್ಚ್ 7ರಂದು ಇಂಗ್ಲಿಷರು ಪೇಟೆಗೆ ನುಗ್ಗಿದರು, ಲೂಟಿಯೂ ಆಯಿತು. ಆ ದಿನವನ್ನು ರಾಬರ್ಟ್ ಹೋಮ್ ದೊಡ್ಡ ತೈಲಚಿತ್ರವಾಗಿಸಿದ. ಅದರ ವಿಷಯ ಪೇಟೆಯ ಬಾಗಿಲಲ್ಲಿ ಸತ್ತ ಕರ್ನಲ್ ಮೂರ್‌ಹೌಸ್. ಅಂಗಡಿ ಕಳೆದುಕೊಂಡವರು ಯಾರ ಚಿತ್ರಕ್ಕೂ ವಸ್ತುವಾಗಲಿಲ್ಲ.

ಅವರು ಸಿಗುವುದು ಬರಹದಲ್ಲಿ. 1800ರಲ್ಲಿ ಬಂದ ಫ್ರಾನ್ಸಿಸ್ ಬುಕಾನನ್ ಊರೂರು ಅಲೆದು, ಜನರನ್ನು ಕೇಳಿ ಕೇಳಿ ಬರೆದುಕೊಂಡ. ಅವನೂ ಕಂಪನಿಯ ಚಾಕರಿಯವನೇ, ಹೊಸದಾಗಿ ಗೆದ್ದ ನೆಲದ ಲೆಕ್ಕ ಹಿಡಿಯಲು ಬಂದವನು. ಆದರೂ 1807ರಲ್ಲಿ ಅಚ್ಚಾದ ಅವನ ಮೂರು ಸಂಪುಟಗಳಲ್ಲಿ ಬೆಂಗಳೂರಿನ ನೇಕಾರರು ಖತ್ರಿ, ಪಟ್ಟೆಗಾರ, ದೇವಾಂಗ, ತೊಗಟರೆಂದು ಬಿಡಿಬಿಡಿಯಾಗಿ ಕಾಣುತ್ತಾರೆ. ಅಡಿಕೆ, ಮೆಣಸು, ಬಟ್ಟೆಯ ವ್ಯಾಪಾರ ಎಲ್ಲಿಂದ ಎಲ್ಲಿಗೆ ಎಂಬುದೂ ಇದೆ. ಟಿಪ್ಪು ಕಾಲದಲ್ಲಿ ನೆರೆಸೀಮೆಗಳೊಡನೆ ವ್ಯಾಪಾರಕ್ಕೆ ಬಿದ್ದ ತಡೆಯ ಮಾತೂ ಇದೆ.

ಇಷ್ಟನ್ನೂ ಗೆಳೆಯನಿಗೆ ಬರೆದೆ. ಪೇಟೆ ಬೇಕಿದ್ದರೆ ಬುಕಾನನ್ನನನ್ನು ಓದು ಎಂದೆ.

‘ಅದರಲ್ಲಿ ಚಿತ್ರ ಇದೆಯಾ?’ ಎಂದು ಕೇಳಿದ.